ತಿರುಪಿನಿಂದ ಸಹಿಯವರೆಗೆ: ನಿರ್ವಹಣೆಯ ತಪ್ಪಿನಿಂದಾದ ವಿಮಾನ ದುರಂತವನ್ನು ತನಿಖೆ ಮಾಡುವುದು ಹೇಗೆ?

2000ನೇ ಇಸವಿಯ ಫೆಬ್ರವರಿ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿ, ಆನಕಾಪಾ ದ್ವೀಪದ ಹತ್ತಿರ. ಸುಮಾರು 200 ಮೀಟರ್ ಆಳದ ಸಮುದ್ರ ತಳದಿಂದ ಒಂದು ಉಕ್ಕಿನ ತಿರುಪನ್ನು ಮೇಲೆತ್ತಿದರು. ಅದರ ಮೈಗೆ ತೆಳುವಾದ ಕಂಚಿನ ಪಟ್ಟಿಗಳು ಸುತ್ತಿಕೊಂಡಿದ್ದವು. ಬಡಗಿ ಕೀಸುಳಿ ಹೊಡೆದಾಗ ಮರದಿಂದ ಸುರುಳಿ ಏಳುತ್ತದಲ್ಲ, ಥೇಟ್ ಹಾಗೆ.

ಆ ತಿರುಪು ಅಲಾಸ್ಕಾ ಏರ್‌ಲೈನ್ಸ್ 261 ವಿಮಾನದ ಬಾಲದ್ದು. ಎಂಡಿ-83 ಜಾತಿಯ ಆ ವಿಮಾನ ಜನವರಿ 31ರಂದು ಮೆಕ್ಸಿಕೋದ ಪ್ವೆರ್ಟೊ ವಲ್ಯಾರ್ಟಾದಿಂದ ಹೊರಟಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿ ಸಿಯಾಟಲ್‌ಗೆ ಹೋಗಬೇಕಿತ್ತು. ಸಂಜೆ ನಾಲ್ಕೂ ಇಪ್ಪತ್ತರ ಹೊತ್ತಿಗೆ ಪೆಸಿಫಿಕ್ ಸಾಗರಕ್ಕೆ ಬಿತ್ತು. ಒಳಗಿದ್ದ 88 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ನಿರ್ವಹಣೆಯ ತಪ್ಪಿನಿಂದಾದ ದುರಂತವನ್ನು ಹೇಗೆ ತನಿಖೆ ಮಾಡಬೇಕು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಹಾಗಾಗಿ ಈ ಬರಹದುದ್ದಕ್ಕೂ ಆ ತಿರುಪನ್ನೇ ಹಿಡಿದು ನಡೆಯೋಣ. ಬೇಕಾದ ಕಡೆ ಬೇರೆ ಅಪಘಾತಗಳನ್ನೂ ನೋಡೋಣ. ವಿಮಾನ ನಿರ್ವಹಣೆ ಓದುತ್ತಿರುವ ಹುಡುಗ ಹುಡುಗಿಯರು, ಅಪಘಾತದ ಸುದ್ದಿ ಬರೆಯುವ ವರದಿಗಾರರು, ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುವವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲೇ ಒಂದು ಮಾತು. ಇಂಥ ತನಿಖೆಯಲ್ಲಿ ಎಲ್ಲರ ಕಣ್ಣೂ ಕೊನೆಯ ಕೆಲವು ನಿಮಿಷಗಳ ಮೇಲೇ ಇರುತ್ತದೆ. ಆದರೆ ಉತ್ತರ ಇರುವುದು ಅಲ್ಲಲ್ಲ. ಈ ವಿಮಾನ ಮೊದಲ ಸಲ ಧುಮುಕಿದಾಗಿನಿಂದ ನೀರಿಗೆ ಬೀಳುವವರೆಗೆ ಸುಮಾರು 12 ನಿಮಿಷ. ಆ ತಿರುಪಿನ ಸವೆತವನ್ನು ಕೊನೆಯ ಸಲ ಅಳೆದದ್ದು ಅದಕ್ಕೆ 28 ತಿಂಗಳ ಹಿಂದೆ. ತನಿಖೆಯ ನಿಜವಾದ ಕೆಲಸ ಇರುವುದು ಆ 28 ತಿಂಗಳಲ್ಲಿ, ಇನ್ನೂ ಸ್ವಲ್ಪ ಹಿಂದೆಯೂ.

ಶುರು ಮಾಡುವ ಮುಂಚೆ: ಇದು ಪೊಲೀಸ್ ಕೇಸ್ ಅಲ್ಲ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಒಪ್ಪಂದಕ್ಕೆ 13ನೇ ಅನುಬಂಧ ಅಂತ ಒಂದಿದೆ. ಪ್ರಪಂಚದ ಬಹುಪಾಲು ದೇಶಗಳ ಅಪಘಾತ ತನಿಖೆ ನಡೆಯುವುದು ಅದರ ಪ್ರಕಾರ. ಅದರಲ್ಲಿ ಸ್ಪಷ್ಟವಾಗಿ ಹೇಳಿದೆ: ತನಿಖೆಯ ಉದ್ದೇಶ ಮುಂದೆ ಹೀಗಾಗದಂತೆ ತಡೆಯುವುದು ಮಾತ್ರ. ಯಾರ ಮೇಲಾದರೂ ತಪ್ಪು ಹೊರಿಸುವುದಲ್ಲ. ಶಿಕ್ಷೆ, ಪರಿಹಾರ ಎಲ್ಲ ಕೋರ್ಟಿನ ಕೆಲಸ.

ಅಪಘಾತ ಎಲ್ಲಿ ಆಯಿತೋ ಆ ದೇಶ ತನಿಖೆಯ ಮುಂದಾಳು. ವಿಮಾನ ತಯಾರಿಸಿದ ದೇಶ, ನೋಂದಾಯಿಸಿದ ದೇಶ, ಓಡಿಸಿದ ಸಂಸ್ಥೆಯ ದೇಶ ತಮ್ಮ ಪ್ರತಿನಿಧಿಗಳನ್ನು ಕಳಿಸಬಹುದು. 30 ದಿನದಲ್ಲಿ ಪ್ರಾಥಮಿಕ ವರದಿ, ಸಾಧ್ಯವಾದರೆ 12 ತಿಂಗಳಲ್ಲಿ ಅಂತಿಮ ವರದಿ. ಅಮೆರಿಕದಲ್ಲಿ ಈ ಕೆಲಸ ಎನ್‌ಟಿಎಸ್‌ಬಿಯದು, ಅಂದರೆ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯದು. ನಮ್ಮಲ್ಲಿ 2012ರಿಂದ ಎಎಐಬಿ, ಅಂದರೆ ವಿಮಾನ ಅಪಘಾತ ತನಿಖಾ ಸಂಸ್ಥೆ ಇದೆ. ಅದಕ್ಕೂ ಮುಂಚೆ ದೊಡ್ಡ ಅಪಘಾತಗಳಿಗೆ ಕೋರ್ಟ್ ಆಫ್ ಇನ್‌ಕ್ವೈರಿ ಕೂರಿಸುತ್ತಿದ್ದರು. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಹತ್ತಿರ ಎ320 ಬಿದ್ದು 92 ಜನ ಸತ್ತಾಗ ಅದರ ವಿಚಾರಣೆ ನಡೆಸಿದ್ದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳು.

ತಪ್ಪು ಹೊರಿಸಬಾರದು ಅನ್ನುವುದು ಸುಮ್ನೆ ಒಳ್ಳೆಯ ಮಾತಿಗೆ ಹೇಳಿದ್ದಲ್ಲ. ಕೆಲಸ ಹೋಗುತ್ತದೆ, ಜೈಲಾಗುತ್ತದೆ ಅನ್ನುವ ಭಯವಿದ್ದರೆ ಮೆಕ್ಯಾನಿಕ್ ಬಾಯಿ ಬಿಡುವುದಿಲ್ಲ. ಅವನು ಬಾಯಿ ಬಿಡದಿದ್ದರೆ ಮುಂದಿನ ವಿಮಾನವನ್ನು ಉಳಿಸುವ ಮಾಹಿತಿ ಅವನ ಹೊಟ್ಟೆಯಲ್ಲೇ ಉಳಿಯುತ್ತದೆ.

ಹಂತ 1: ಸ್ಥಳದಲ್ಲಿ ಮೊದಲು ಕಣ್ಣು, ಆಮೇಲೆ ಕೈ

ಬದುಕಿದವರನ್ನು ಉಳಿಸುವುದು, ಬೆಂಕಿ ಆರಿಸುವುದು ಮೊದಲ ಕೆಲಸ. ಅದಾದ ಮೇಲೆ ಜಾಗಕ್ಕೆ ಕಾವಲು. ಒಳಗೆ ಹೋಗುವವರಿಗೆ ಕೈಗವಸು, ಮಾಸ್ಕ್, ಗಟ್ಟಿ ಬೂಟು ಬೇಕೇ ಬೇಕು. ಸುಟ್ಟ ಕಾರ್ಬನ್ ನಾರು, ಚೂಪಾದ ತಗಡು, ರಕ್ತ ಎಲ್ಲ ಇರುತ್ತದೆ.

ಏನನ್ನೂ ಸರಿಸುವ ಮುಂಚೆ ಎಲ್ಲ ದಿಕ್ಕಿನಿಂದಲೂ ಫೋಟೋ ತೆಗೆಯಿರಿ. ಬೇಗ ಅಳಿಸಿಹೋಗುವ ಸಾಕ್ಷ್ಯ ಮೊದಲು: ನೆಲದ ಮೇಲಿನ ಗುರುತು, ಇಂಧನದ ವಾಸನೆ, ಕಾಕ್‌ಪಿಟ್ ಸ್ವಿಚ್‌ಗಳ ಸ್ಥಾನ. ರಕ್ಷಣಾ ತಂಡದವರು ಯಾವುದಾದರೂ ಸ್ವಿಚ್ ಮುಟ್ಟಿದ್ದರೆ ಅದನ್ನು ಅಂದೇ ಕೇಳಿ ಬರೆದುಕೊಳ್ಳಿ. ನಾಳೆ ಕೇಳಿದರೆ ಅವರಿಗೇ ನೆನಪಿರುವುದಿಲ್ಲ.

ಆಮೇಲೆ ನಾಲ್ಕು ಮೂಲೆ ಹುಡುಕಿ. ಮೂಗು, ಬಾಲ, ಎಡ ರೆಕ್ಕೆಯ ತುದಿ, ಬಲ ರೆಕ್ಕೆಯ ತುದಿ. ನಾಲ್ಕೂ ಒಂದೇ ಕಡೆ ಸಿಕ್ಕಿದರೆ ವಿಮಾನ ಇಡಿಯಾಗಿ ಬಂದು ಬಿದ್ದಿದೆ ಎಂದರ್ಥ. ಒಂದು ಮೂಲೆ ಕಿಲೋಮೀಟರ್‌ಗಟ್ಟಲೆ ದೂರದಲ್ಲಿ ಸಿಕ್ಕಿದರೆ ಅದು ಗಾಳಿಯಲ್ಲೇ ಕಳಚಿದೆ. ಅಲ್ಲಿಂದಲೇ ನಿಮ್ಮ ಹುಡುಕಾಟದ ದಾರಿ ಬದಲಾಗುತ್ತದೆ. ಸಮುದ್ರಕ್ಕೆ ಬಿದ್ದಿದ್ದರೆ ಕೆಲಸ ನಿಧಾನ. 261ರ ಅವಶೇಷವನ್ನು ಎತ್ತಲು ದೂರದಿಂದ ನಡೆಸುವ ನೀರೊಳಗಿನ ಯಂತ್ರಗಳೂ ಬೇಕಾದವು.

ಹಂತ 2: ಬ್ಲ್ಯಾಕ್ ಬಾಕ್ಸ್ ಹೇಳುವುದನ್ನು ಕೇಳಿ, ಹೇಳದ್ದನ್ನು ಊಹಿಸಬೇಡಿ

ಹೆಸರು ಬ್ಲ್ಯಾಕ್, ಬಣ್ಣ ಕಿತ್ತಳೆ. ಒಂದರಲ್ಲಿ ಕಾಕ್‌ಪಿಟ್ ಧ್ವನಿ, ಇನ್ನೊಂದರಲ್ಲಿ ಹಾರಾಟದ ಅಂಕಿಅಂಶ. ನೀರಿನಲ್ಲಿ ಸಿಕ್ಕಿದ್ದನ್ನು ಒಣಗಿಸಲು ಹೋಗಬೇಡಿ. ನೀರಿನಲ್ಲೇ ಇಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಗಾಳಿ ತಗುಲಿದರೆ ತುಕ್ಕು ಜೋರಾಗಿ ಹಿಡಿಯುತ್ತದೆ.

ಧ್ವನಿ ಮುದ್ರಿಕೆಯಲ್ಲಿ ಮಾತಿಗಿಂತ ಶಬ್ದಕ್ಕೆ ಬೆಲೆ ಜಾಸ್ತಿ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ದುರಂತದ ತನಿಖೆಯಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆಯಲ್ಲಿದ್ದರು ಅಂತ ಗೊತ್ತಾದದ್ದು ಮುದ್ರಿಕೆಯಲ್ಲಿದ್ದ ಗೊರಕೆ, ಭಾರೀ ಉಸಿರಾಟದ ಶಬ್ದದಿಂದ. ಅದು ಮಾತಲ್ಲ, ಆದರೂ ಸಾಕ್ಷ್ಯ.

ಮೊದಲ ಕೆಲಸ ಗಡಿಯಾರ ಹೊಂದಿಸುವುದು. ಧ್ವನಿ, ಅಂಕಿಅಂಶ, ನೆಲದ ನಿಯಂತ್ರಕರ ಟೇಪು, ಮೂರರ ಸಮಯವೂ ಬೇರೆ ಬೇರೆ ಇರುತ್ತದೆ. ಪೈಲಟ್ ರೇಡಿಯೋ ಗುಂಡಿ ಒತ್ತಿದ ಕ್ಷಣಗಳನ್ನು ಗುರುತು ಮಾಡಿಕೊಂಡು ಮೂರನ್ನೂ ಒಂದೇ ಸಾಲಿಗೆ ತರಬೇಕು. ಇದು ತಪ್ಪಿದರೆ ಮುಂದಿನದ್ದೆಲ್ಲ ತಪ್ಪು.

261ರಲ್ಲಿ ಹೊಂದಿಸಿ ನೋಡಿದಾಗ ಸಿಕ್ಕಿದ್ದು ಇದು. ಹೊರಟು ಹೆಚ್ಚು ಹೊತ್ತಾಗುವ ಮೊದಲೇ ಬಾಲದ ಅಡ್ಡ ರೆಕ್ಕೆ ಅಲುಗಾಡದೆ ಸಿಕ್ಕಿಹಾಕಿಕೊಂಡಿತ್ತು. ಪೈಲಟ್‌ಗಳು ಅದನ್ನು ಸಂಭಾಳಿಸುತ್ತಾ ಎರಡು ಗಂಟೆಗೂ ಮೀರಿ ಹಾರಿದರು. 4 ಗಂಟೆ 9 ನಿಮಿಷಕ್ಕೆ ಸಿಕ್ಕಿಕೊಂಡಿದ್ದನ್ನು ಬಿಡಿಸಲು ಆ ಅಡ್ಡ ರೆಕ್ಕೆಯನ್ನು ಆಡಿಸುವ ಮೋಟರ್ ಚಾಲೂ ಮಾಡಿದ ಕೂಡಲೇ ವಿಮಾನ 31,000 ಅಡಿಯಿಂದ ಸುಮಾರು 23,000 ಅಡಿವರೆಗೆ ಧುಮುಕಿತು. 80 ಸೆಕೆಂಡ್‌ಗಳ ಹೋರಾಟದ ನಂತರ ಅದನ್ನು ತಡೆದು ನಿಲ್ಲಿಸಿದರು. 4 ಗಂಟೆ 19 ನಿಮಿಷ ದಾಟಿದ ಮೇಲೆ ಒಂದು ಭಾರೀ ಶಬ್ದ. ಆಮೇಲೆ ಎರಡನೇ ಧುಮುಕು. ಅದು ನಿಲ್ಲಲಿಲ್ಲ.

ಇಲ್ಲಿ ಇಷ್ಟಕ್ಕೇ ನಿಲ್ಲಿ. ಪೆಟ್ಟಿಗೆ ಹೇಳುವುದು ಏನಾಯಿತು ಅಂತ. ಯಾಕಾಯಿತು ಅಂತ ಹೇಳಬೇಕಾದದ್ದು ಲೋಹ.

ಹಂತ 3: ಮುರಿದ ಲೋಹದ ಮಾತು

ಈ ಹಂತಕ್ಕೆ ಮೂರು ನಿಯಮ. ಮುರಿದ ಎರಡು ಮುಖಗಳನ್ನು ಒಂದಕ್ಕೊಂದು ಕೂಡಿಸಿ ನೋಡಬೇಡಿ. ತೊಳೆಯಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ. ಒಡೆದ ಪಿಂಗಾಣಿ ಬಟ್ಟಲು ಕಂಡರೆ ತುಂಡು ಜೋಡಿಸಿ ನೋಡೋಣ ಅಂತ ಕೈ ತಾನಾಗಿಯೇ ಹೋಗುತ್ತದೆ, ಅಲ್ವಾ? ಇಲ್ಲಿ ಹಾಗೆ ಮಾಡಿದರೆ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದ ಗೆರೆಗಳು ಉಜ್ಜಿ ಅಳಿಸಿಹೋಗುತ್ತವೆ.

ಲೋಹ ಸೋಲುವ ರೀತಿ ಮುಖ್ಯವಾಗಿ ಮೂರು. ಒಂದೇ ಏಟಿಗೆ ಭಾರ ತಾಳದೆ ಮುರಿಯುವುದು. ಸಣ್ಣ ಬಿರುಕು ದಿನದಿನಕ್ಕೆ ಬೆಳೆದು ದಣಿದು ಮುರಿಯುವುದು. ಉಜ್ಜಿ ಉಜ್ಜಿ ಸವೆಯುವುದು. ಮೂರರ ಮುಖವೂ ಬೇರೆ. ದಣಿದು ಮುರಿದದ್ದರಲ್ಲಿ ಕಪ್ಪೆಚಿಪ್ಪಿನ ಮೇಲಿನಂಥ ಬಾಗುಗೆರೆ ಕಾಣುತ್ತದೆ. ನಮ್ಮ ದೇಶದಲ್ಲಿ ಇಂಥ ಪರೀಕ್ಷೆಯಲ್ಲಿ ಪಳಗಿದ ಜಾಗಗಳಲ್ಲಿ ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ) ಒಂದು.

ಈಗ ನಮ್ಮ ತಿರುಪಿಗೆ ಬರೋಣ. ಎಂಡಿ-83ರ ಬಾಲ ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಮೇಲಿನ ಅಡ್ಡ ರೆಕ್ಕೆಯ ಮುಂಭಾಗ ಸ್ವಲ್ಪ ಮೇಲೆ ಕೆಳಗೆ ಆಡಬೇಕು. ಅದನ್ನು ಆಡಿಸುವುದು ಈ ಉಕ್ಕಿನ ತಿರುಪು. ತಿರುಪು ಹಾದುಹೋಗುವ ನಟ್ ಕಂಚಿನದು, ಬಾಲದ ಕಂಬಕ್ಕೆ ಬಿಗಿದಿರುತ್ತದೆ. ಕಾರಿನ ಟೈರ್ ಬದಲಿಸುವಾಗ ಜಾಕ್ ತಿರುಗಿಸುತ್ತೀರಲ್ಲ, ಕೆಲಸ ಅದೇ. ಉಕ್ಕು ಗಟ್ಟಿ, ಕಂಚು ಮೆದು. ನಡುವೆ ಗ್ರೀಸ್ ಇರಲೇಬೇಕು. ಎತ್ತಿನಗಾಡಿ ಕಂಡವರಿಗೆ ಕೀಲೆಣ್ಣೆಯ ಬೆಲೆ ಹೇಳಿಕೊಡಬೇಕಿಲ್ಲ.

ಮೇಲೆತ್ತಿದ ತಿರುಪು ನಟ್‌ನಿಂದ ಪೂರ್ತಿ ಕಳಚಿಕೊಂಡಿತ್ತು. ನಟ್‌ನ ಒಳಗೆ ಮರೆ, ಅಂದರೆ ತಿರುಪು ಕಚ್ಚುವ ಸುತ್ತುಗಳು, ಇರಲೇ ಇಲ್ಲ. ತಿರುಪಿಗೆ ಸುತ್ತಿಕೊಂಡಿದ್ದ ಕಂಚಿನ ಪಟ್ಟಿಗಳೇ ಆ ಸುತ್ತುಗಳು. ಅಳತೆ ಮಾಡಿದಾಗ ತಿಳಿದದ್ದು: ಮರೆಯ ದಪ್ಪದಲ್ಲಿ ನೂರಕ್ಕೆ ಸುಮಾರು 90 ಭಾಗ ಅಪಘಾತಕ್ಕೆ ಮುಂಚೆಯೇ ಸವೆದುಹೋಗಿತ್ತು. ಉಳಿದ 10 ಭಾಗ ಆ ಹಾರಾಟದಲ್ಲಿ ಸುಲಿದು ಬಂತು.

ತಿರುಪಿನಲ್ಲಿ ನಟ್ ಓಡಾಡುವ ಭಾಗದಲ್ಲಿ ಕೆಲಸಕ್ಕೆ ಬರುವಂಥ ಗ್ರೀಸ್ ಇರಲಿಲ್ಲ. ಗನ್ನಿನಿಂದ ನಟ್‌ನೊಳಗೆ ಗ್ರೀಸ್ ತಳ್ಳುವ ಸಣ್ಣ ರಂಧ್ರ ಒಣಗಿದ ಮಣ್ಣಿನಂಥ ಹುಡಿಯಿಂದ ಮುಚ್ಚಿಹೋಗಿತ್ತು. ಸಮುದ್ರದ ನೀರು ಗ್ರೀಸನ್ನು ತೊಳೆದಿರಬಹುದಲ್ಲ ಅಂತ ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಆದರೆ ಆ ರಂಧ್ರದಲ್ಲಿ ಗಟ್ಟಿಯಾಗಿ ಕೂತ ಒಣ ಹುಡಿ ಸಮುದ್ರದಲ್ಲಿ ಹುಟ್ಟಿದ್ದಲ್ಲ. ಮುಚ್ಚಿದ ದಾರಿಯಲ್ಲಿ ಹೊಸ ಗ್ರೀಸ್ ಹೋಗುವುದೂ ಇಲ್ಲ. ನನ್ನ ಪ್ರಕಾರ ಇಡೀ ತನಿಖೆಯ ಅತಿ ದೊಡ್ಡ ಸಾಕ್ಷಿ ಈ ಪುಟ್ಟ ರಂಧ್ರ. ತಿರುಪನ್ನು ತೊಳೆದು ಸಾಫ್ ಮಾಡಿ ಇಟ್ಟಿದ್ದರೆ ಅದು ಹೋಗಿಬಿಡುತ್ತಿತ್ತು.

ಈಗ ಹಂತ 2ರ ಶಬ್ದಗಳನ್ನು ಲೋಹದ ಪಕ್ಕ ಇಡಿ. 4:09ಕ್ಕೆ ಮರೆ ಸುಲಿದು ತಿರುಪು ನಟ್‌ನೊಳಗಿಂದ ಜಾರಿತು. ತಿರುಪಿನ ತುದಿಯಲ್ಲಿ ಒಂದು ತಡೆ ಇರುತ್ತದೆ. ಅದು ನಟ್‌ಗೆ ಬಂದು ತಾಗಿತು, ಬಾಲ ಅಷ್ಟರ ಮೇಲೆ ನಿಂತಿತು. ತಿರುಪಿನ ಒಳಗೊಂದು ಕೊಳವೆಯಂಥ ಸರಳು ಇದೆ. ಆ ಭಾರ ಹೊರಲು ಅದನ್ನು ಮಾಡಿದ್ದಲ್ಲ. ಹತ್ತು ನಿಮಿಷ ತಾಳಿ ಅದೂ ಮುರಿಯಿತು. ಎರಡನೇ ಧುಮುಕಿಗೆ ಕಾರಣ ಅದೇ. ಹೀಗೆ ಧ್ವನಿ, ಅಂಕಿಅಂಶ, ಲೋಹ ಮೂರೂ ಒಂದೇ ಕಥೆ ಹೇಳಿದಾಗ ಮಾತ್ರ ಮುಂದೆ ಹೆಜ್ಜೆ ಇಡಿ.

ಹಂತ 4: ಕಾಗದಪತ್ರ

ಅಪಘಾತದ ಸುದ್ದಿ ಬಂದ ಗಂಟೆಗಳೊಳಗೆ ನಿರ್ವಹಣಾ ದಾಖಲೆಗಳಿಗೆ ಮೊಹರು ಹಾಕಿಸಿ. ಜೆರಾಕ್ಸ್ ಸಾಲದು, ಮೂಲ ಬೇಕು. ಮೂಲದಲ್ಲಿ ಶಾಯಿಯ ಬಣ್ಣ, ಹೊಡೆದು ಹಾಕಿದ ಸಾಲು, ಗ್ರೀಸಿನ ಬೆರಳಚ್ಚು ಎಲ್ಲ ಇರುತ್ತದೆ. ಕೇಳಬೇಕಾದವು ಇವು:

- ವಿಮಾನದ ಟೆಕ್ನಿಕಲ್ ಲಾಗ್, ಮುಂದೂಡಿದ ದೋಷಗಳ ಪಟ್ಟಿ
- ಕೊನೆಯ ದೊಡ್ಡ ತಪಾಸಣೆಯ ಎಲ್ಲ ಜಾಬ್ ಕಾರ್ಡ್‌ಗಳು
- ಸೋತ ಭಾಗದ ಹುಟ್ಟಿನಿಂದ ಇಲ್ಲಿಯವರೆಗಿನ ಜಾತಕ
- ಆ ಕೆಲಸಕ್ಕೆ ಬಳಸಿದ ಉಪಕರಣ, ಅದರ ಅಳತೆ ಸರಿಯಿದೆಯೇ ಎಂಬ ಪ್ರಮಾಣಪತ್ರ
- ಆ ದಿನ ಜಾರಿಯಲ್ಲಿದ್ದ ಕೈಪಿಡಿಯ ಪುಟ, ಇವತ್ತಿನದ್ದಲ್ಲ
- ಶಿಫ್ಟ್ ಪಟ್ಟಿ, ಹಾಜರಿ, ತರಬೇತಿ ದಾಖಲೆ

ಪದೇ ಪದೇ ಬರೆದ ಒಂದೇ ದೋಷವನ್ನು ಮೊದಲು ಹುಡುಕಿ. 2014ರ ಡಿಸೆಂಬರ್ 28ರಂದು ಜಾವಾ ಸಮುದ್ರಕ್ಕೆ ಬಿದ್ದ ಇಂಡೋನೇಷ್ಯಾ ಏರ್‌ಏಷ್ಯಾ 8501ರಲ್ಲಿ ಚುಕ್ಕಾಣಿಗೆ ಸಂಬಂಧಿಸಿದ ಒಂದೇ ದೋಷ 12 ತಿಂಗಳಲ್ಲಿ 23 ಸಲ ದಾಖಲಾಗಿತ್ತು. ಮೂಲ ಎಲೆಕ್ಟ್ರಾನಿಕ್ ಭಾಗವೊಂದರಲ್ಲಿ ಬಿರುಕು ಬಿಟ್ಟ ಬೆಸುಗೆ. ಮೂಲ ಸರಿಪಡಿಸದೆ ರೀಸೆಟ್‌ನಂಥ ಉಪಾಯಗಳಲ್ಲೇ ಕಳಿಸುತ್ತಿದ್ದರು. ಕೊನೆಗೆ ಹಾರಾಟದ ನಡುವೆ ಆ ದೋಷವನ್ನು ನಿಭಾಯಿಸುವಾಗಲೇ ವಿಮಾನ ಕೈತಪ್ಪಿತು. 162 ಜನ ಹೋದರು.

261ರ ಕಾಗದದಲ್ಲಿ ಸಿಕ್ಕ ಒಂದು ಕಾರ್ಡನ್ನು ನಿಧಾನವಾಗಿ ನೋಡೋಣ. 1997ರ ಸೆಪ್ಟೆಂಬರ್, ಓಕ್‌ಲ್ಯಾಂಡ್ ಹ್ಯಾಂಗರ್. ದೊಡ್ಡ ತಪಾಸಣೆ ನಡೆಯುತ್ತಿದೆ. ತಿರುಪು ಮತ್ತು ನಟ್ ನಡುವಿನ ಸಡಿಲನ್ನು ಅಳೆಯುತ್ತಾರೆ. ಮಿತಿ 0.040 ಇಂಚು, ಅಂದರೆ ಸುಮಾರು 1 ಮಿಲಿಮೀಟರ್. ಅಳತೆ ಬಂದದ್ದು ಸರಿಯಾಗಿ 0.040. ಮಿತಿಯ ಗೆರೆಯ ಮೇಲೇ ಇದೆ, ನಟ್ ಬದಲಿಸಿ ಅಂತ ಕಾರ್ಡಿನಲ್ಲಿ ಬರೆದರು. ಕೆಲವು ದಿನದ ಮೇಲೆ ಬೇರೆ ಶಿಫ್ಟಿನವರು ಮತ್ತೆ ಅಳೆದರು. ಐದು ಸಲ ಅಳೆದಾಗ 0.033 ಬಂತು. ನಟ್ ಬದಲಿಸಲಿಲ್ಲ. ವಿಮಾನ ಹಾರಾಟಕ್ಕೆ ಮರಳಿತು. ಆಮೇಲೆ ಆ ಸಡಿಲನ್ನು ಯಾರೂ ಅಳೆಯಲಿಲ್ಲ.

ಈ ಕಾರ್ಡು ಕೈಗೆ ಸಿಕ್ಕಾಗ ಯಾವ ತನಿಖೆಗಾರನಿಗಾದರೂ ಕಳ್ಳ ಸಿಕ್ಕಿಬಿದ್ದ ಅನ್ನಿಸುತ್ತದೆ. ಪತ್ರಿಕೆಗಳಿಗೆ ಬೇಕಾದ ತಲೆಬರಹವೂ ಇದೇ. ಆದರೆ ದಯವಿಟ್ಟು ಇಲ್ಲಿ ನಿಲ್ಲಬೇಡಿ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ.

ಸರಿಯಾಗಿ ಗ್ರೀಸ್ ಹಾಕಿದ ನಟ್ 1,000 ಗಂಟೆ ಹಾರಾಟಕ್ಕೆ ಸುಮಾರು 0.001 ಇಂಚು ಸವೆಯುತ್ತದೆ. ಆ ಕಾರ್ಡಿನ ನಂತರ ವಿಮಾನ 9,000 ಗಂಟೆಗೆ ಹತ್ತಿರ ಹಾರಿದೆ. ಅಂದರೆ 0.009 ಇಂಚು ಸವೆಯಬೇಕಿತ್ತು. 0.033ಕ್ಕೆ ಸೇರಿಸಿದರೆ 0.042. ಮೊದಲ ಅಳತೆಯೇ ನಿಜ ಅಂತಿಟ್ಟುಕೊಂಡರೂ 0.049. ಮಿತಿ ದಾಟಿತು ನಿಜ, ಆದರೆ ಅಷ್ಟಕ್ಕೆ ಮರೆ ಸುಲಿದು ಬರುವುದಿಲ್ಲ. ನಿಜವಾಗಿ ಆದ ಸವೆತ 1,000 ಗಂಟೆಗೆ ಸುಮಾರು 0.012 ಇಂಚು, ಹನ್ನೆರಡು ಪಟ್ಟು ವೇಗ. ಹಾಗಾದರೆ ಅವತ್ತಿನ ಅಳತೆ ಕೈತಪ್ಪಿದ ಒಂದು ಅವಕಾಶ. ಕೊಂದದ್ದು ಅದಾದ ಮೇಲಿನ ಒಣ ಉಜ್ಜಾಟ.

ಅಳತೆಯ ಉಪಕರಣದ ಕಥೆಯೂ ಇದೆ. ಬಾಲವನ್ನು ಎಳೆದು ಹಿಡಿಯುವ ಸಲಕರಣೆಯನ್ನು ಅಲಾಸ್ಕಾ ಏರ್‌ಲೈನ್ಸ್ ಸಂಸ್ಥೆಯವರು ತಮ್ಮಲ್ಲೇ ಮಾಡಿಕೊಂಡಿದ್ದರು. ಅದು ತಯಾರಕರು ಹೇಳಿದ ಅಳತೆಗೆ ಹೊಂದುತ್ತಿರಲಿಲ್ಲ. ಅಂಥದ್ದರಲ್ಲಿ ಅಳೆದರೆ 0.040 ಸರಿಯೋ 0.033 ಸರಿಯೋ ಹೇಳುವುದು ಹೇಗೆ? ಉಪಕರಣದ ಪ್ರಮಾಣಪತ್ರ ಕೇಳಿ ಅಂತ ಮೇಲಿನ ಪಟ್ಟಿಯಲ್ಲಿ ಬರೆದದ್ದು ಇದಕ್ಕೇ.

ಹಂತ 5: ಗಂಟೆಗಳ ಲೆಕ್ಕ, ಕಚೇರಿಯ ಮೇಜು

ಎಷ್ಟು ದಿನಕ್ಕೊಮ್ಮೆ ಗ್ರೀಸ್ ಹಾಕಬೇಕು ಅಂತ ಯಾರು ತೀರ್ಮಾನಿಸಿದರು? ಒಂದು ಹಾಳೆಯಲ್ಲಿ ಇಸವಿಗಳನ್ನು ಸಾಲಾಗಿ ಬರೆಯಿರಿ.

1985ರಲ್ಲಿ ಆ ಸಂಸ್ಥೆ 700 ಗಂಟೆಗೊಮ್ಮೆ ಗ್ರೀಸ್ ಹಾಕುತ್ತಿತ್ತು. 1987ರಲ್ಲಿ ಅದು 1,000 ಆಯಿತು. ಹೀಗೇ ಏರುತ್ತಾ 1996ರಲ್ಲಿ ಗಂಟೆಯ ಲೆಕ್ಕವೇ ಹೋಗಿ 8 ತಿಂಗಳಿಗೊಮ್ಮೆ ಅಂತಾಯಿತು. ವಿಮಾನಗಳು ಹಾರುತ್ತಿದ್ದ ವೇಗಕ್ಕೆ ಅದು ಸುಮಾರು 2,550 ಗಂಟೆ. ಸವೆತ ಅಳೆಯುವ ಅವಧಿಯೂ 5,000 ಗಂಟೆಯಿಂದ 30 ತಿಂಗಳಿಗೆ, ಅಂದರೆ ಸುಮಾರು 9,550 ಗಂಟೆಗೆ ಹೋಯಿತು. ಸರ್ಕಾರದ ನಿಯಂತ್ರಣ ಸಂಸ್ಥೆ ಎಫ್‌ಎಎ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು.

ಇದರಲ್ಲಿ ಒಂದೊಂದು ಹೆಜ್ಜೆಯೂ ಸಣ್ಣದು. ಹೋದ ಸಲ ಏನೂ ಆಗಲಿಲ್ಲ, ಇನ್ನು ಸ್ವಲ್ಪ ಬಿಡೋಣ. ಬೋರ್‌ವೆಲ್ ಮೋಟರಿಗೂ ನಾವು ಹೀಗೇ ಮಾಡುತ್ತೇವೆ. ಆದರೆ ಅವಧಿ ಚಿಕ್ಕದಿದ್ದಾಗ ಒಂದು ಸಲ ಗ್ರೀಸ್ ತಪ್ಪಿದರೂ ಮುಂದಿನ ಸಲ ಬೇಗ ಬರುತ್ತದೆ. ಅವಧಿ ಮೂರೂವರೆ ಪಟ್ಟು ಆದಾಗ ಒಂದು ಸಲ ತಪ್ಪಿದರೆ 5,000 ಗಂಟೆ ಒಣ. ಎರಡು ಅವಧಿಗಳನ್ನೂ ಒಟ್ಟಿಗೇ ಹಿಗ್ಗಿಸಿದ್ದರಿಂದ ತಪ್ಪನ್ನು ಹಿಡಿಯುವ ಬಲೆಯ ಕಣ್ಣೂ ದೊಡ್ಡದಾಯಿತು.

ಆದ್ದರಿಂದ ತನಿಖೆಗಾರ ಹ್ಯಾಂಗರ್‌ನಿಂದ ಎದ್ದು ಕಚೇರಿಗೆ ಹೋಗಬೇಕು. ಅವಧಿ ಹೆಚ್ಚಿಸಿದ ಸಭೆಯ ಕಾಗದ ಕೇಳಬೇಕು. ಯಾವ ಅಂಕಿಅಂಶ ನೋಡಿ ಹೆಚ್ಚಿಸಿದಿರಿ? ಈ ತಿರುಪಿನ ಬಗ್ಗೆ ಪ್ರತ್ಯೇಕವಾಗಿ ಯೋಚಿಸಿದಿರಾ? ಕಷ್ಟದ ಪ್ರಶ್ನೆಗಳೇ. ಸಹಿ ಹಾಕಿದ ಮೆಕ್ಯಾನಿಕ್‌ಗೆ ಕೇಳುವಷ್ಟೇ ಗಟ್ಟಿಯಾಗಿ ಇಲ್ಲಿಯೂ ಕೇಳಿ.

ಹಂತ 6: ಜನರ ಜೊತೆ ಮಾತು

ಒಬ್ಬೊಬ್ಬರನ್ನೇ ಕೂರಿಸಿ. ಮೊದಲ ಪ್ರಶ್ನೆ "ನೀವು ಯಾಕೆ ಹೀಗೆ ಮಾಡಿದಿರಿ?" ಅಂತ ಇರಬಾರದು. "ಅವತ್ತಿನ ಕೆಲಸವನ್ನು ಮೊದಲಿನಿಂದ ಹೇಳಿ" ಅಂತ ಶುರು ಮಾಡಿ. ನಡುವೆ ಬಾಯಿ ಹಾಕಬೇಡಿ. ಸಾಧ್ಯವಾದರೆ ಅದೇ ಮಾದರಿಯ ವಿಮಾನದ ಹತ್ತಿರ ಕರೆದುಕೊಂಡು ಹೋಗಿ, ಮಾಡಿ ತೋರಿಸಿ ಅನ್ನಿ. ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತದೆ.

261ಕ್ಕೆ ಕೊನೆಯ ಸಲ ಗ್ರೀಸ್ ಹಾಕಿದ್ದು 1999ರ ಸೆಪ್ಟೆಂಬರ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಕಾರ್ಡಿನಲ್ಲಿ ಸಹಿ ಇತ್ತು. ಆ ಕೆಲಸಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ ಅಂತ ಮಾಡಿದವರು ಹೇಳಿದರು. ಬಲ್ಲವರ ಲೆಕ್ಕದಲ್ಲಿ ಸರಿಯಾಗಿ ಮಾಡಿದರೆ ನಾಲ್ಕು ಗಂಟೆ ಬೇಕು. ನಟ್‌ನೊಳಗೆ ಗ್ರೀಸ್ ತಳ್ಳಬೇಕು, ಮೇಲಿನಿಂದ ಉಕ್ಕಿ ಬರುವವರೆಗೆ. ತಿರುಪಿನ ಉದ್ದಕ್ಕೂ ಬ್ರಷ್‌ನಿಂದ ಹಚ್ಚಬೇಕು. ಆಮೇಲೆ ಬಾಲವನ್ನು ಈ ಕೊನೆಯಿಂದ ಆ ಕೊನೆಗೆ ಆಡಿಸಿ ಗ್ರೀಸ್ ಹರಡಿಸಬೇಕು. ಇದೆಲ್ಲ ಎತ್ತರದ ಬಾಲದ ಮೇಲೆ, ಕೈ ತೂರಿಸುವುದೇ ಕಷ್ಟವಾದ ಒಂದು ಸಣ್ಣ ಕಿಂಡಿಯ ಮೂಲಕ. ಒಳಗೆ ಕಣ್ಣು ಹಾಯುವುದಿಲ್ಲ, ಬೆರಳಿಗೆ ಸಿಕ್ಕಿದ್ದೇ ಲೆಕ್ಕ. ಆ ಕಿಂಡಿಯ ಮುಂದೆ ನೀವೇ ನಿಂತು ಕೈ ಹಾಕಿ ನೋಡದೆ ಮೆಕ್ಯಾನಿಕ್ ಬಗ್ಗೆ ಒಂದು ಸಾಲೂ ಬರೆಯಬೇಡಿ.

ಕೊನೆಯ ಒಂದು ಸಲ ಮಾತ್ರವಲ್ಲ, ಅದಕ್ಕೂ ಹಿಂದೆ ಗ್ರೀಸ್ ತಪ್ಪಿರಬೇಕು ಅಥವಾ ಅರೆಬರೆ ಆಗಿರಬೇಕು ಅಂತ ಎನ್‌ಟಿಎಸ್‌ಬಿ ತೀರ್ಮಾನಿಸಿತು. ಅಂದ ಮೇಲೆ ಇದನ್ನು ಒಬ್ಬನ ಸೋಮಾರಿತನ ಅಂತ ಮುಗಿಸಲು ಬರುವುದಿಲ್ಲ.

ಶಿಫ್ಟ್ ಬದಲಾಗುವ ಹೊತ್ತನ್ನು ವಿಶೇಷವಾಗಿ ಕೆದಕಿ. 1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನ ಈಗಲ್ ಲೇಕ್ ಹತ್ತಿರ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ 2574 ಗಾಳಿಯಲ್ಲೇ ಒಡೆದು 14 ಜನ ಸತ್ತರು. ಹಿಂದಿನ ರಾತ್ರಿ ಒಂದು ಶಿಫ್ಟಿನವರು ಬಾಲದ ಎಡ ಅಡ್ಡ ರೆಕ್ಕೆಯ ಮೇಲ್ಭಾಗದ 47 ಸ್ಕ್ರೂ ಬಿಚ್ಚಿದ್ದರು. ಮುಂದಿನ ಶಿಫ್ಟಿಗೆ ಅದು ಗೊತ್ತಾಗಲಿಲ್ಲ. ಮೇಲೆ ಹತ್ತಿ ನೋಡದೆ ಕೆಳಗಿನಿಂದ ಕಾಣುವಂಥದ್ದಲ್ಲ ಅದು. ಯಾರು ಯಾರಿಗೆ ಏನು ಹೇಳಿದರು, ಎಲ್ಲಿ ಬರೆದರು, ಎಷ್ಟು ಗಂಟೆಗೆ? ಈ ಮೂರನ್ನು ನಿಮಿಷದ ಲೆಕ್ಕದಲ್ಲಿ ಕೂಡಿಸಿ.

ಹಂತ 7: ಕಾಕ್‌ಪಿಟ್ ಒಳಗಿನ ತಪ್ಪನ್ನು ತೂಗುವುದು

ಅಂತ್ಯ ಗೊತ್ತಿದ್ದವರಿಗೆ ಪೈಲಟ್‌ನ ಪ್ರತಿ ತೀರ್ಮಾನವೂ ತಪ್ಪಾಗಿಯೇ ಕಾಣುತ್ತದೆ. ಆದ್ದರಿಂದ ಒಂದು ಅಭ್ಯಾಸ ಮಾಡಿಕೊಳ್ಳಿ. ಪ್ರತಿ ನಿಮಿಷಕ್ಕೂ ಎರಡು ಸಾಲು ಬರೆಯಿರಿ: ಆಗ ನಿಜವಾಗಿ ಏನಾಗಿತ್ತು, ಆಗ ಪೈಲಟ್‌ಗೆ ಏನು ಕಾಣುತ್ತಿತ್ತು.

ಇದಕ್ಕೆ ಹೀಲಿಯೋಸ್ 522ರಷ್ಟು ನೋವಿನ ಉದಾಹರಣೆ ಇನ್ನೊಂದಿಲ್ಲ. 2005ರ ಆಗಸ್ಟ್ 14, ಸೈಪ್ರಸ್‌ನ ಲಾರ್ನಕಾದಿಂದ ಅಥೆನ್ಸ್ ಕಡೆಗೆ ಹೊರಟ ಬೋಯಿಂಗ್ 737. ಹಿಂದಿನ ಸಿಬ್ಬಂದಿ ಒಂದು ಬಾಗಿಲಿನ ಬಗ್ಗೆ ದೂರು ಬರೆದಿದ್ದರು. ಬೆಳಗಿನ ಜಾವ ಗಾಳಿ ಸೋರಿಕೆ ಪರೀಕ್ಷೆ ಮಾಡುವಾಗ ಒಳಗಿನ ಗಾಳಿಯ ಒತ್ತಡದ ಸ್ವಿಚ್ಚನ್ನು ಕೈಯಿಂದ ನಡೆಸುವ ಸ್ಥಾನಕ್ಕೆ ತಿರುಗಿಸಿದರು. ಅದು ಅಲ್ಲೇ ಉಳಿಯಿತು. ಪೈಲಟ್‌ಗಳು ಹೊರಡುವ ಮುಂಚೆ, ಏರಿದ ಮೇಲೆ, ಎಲ್ಲ ಪಟ್ಟಿ ಓದಿದರೂ ಅದನ್ನು ಗಮನಿಸಲಿಲ್ಲ.

ಸುಮಾರು 12,000 ಅಡಿಯಲ್ಲಿ ಎಚ್ಚರಿಕೆಯ ಹಾರ್ನ್ ಕೂಗಿತು. ಮೊದಲ ಸಾಲು: ವಿಮಾನದೊಳಗೆ ಗಾಳಿಯ ಒತ್ತಡ ಕುಸಿಯುತ್ತಿದೆ. ಎರಡನೇ ಸಾಲು: ಅದೇ ಹಾರ್ನ್, ಅದೇ ದನಿ, ನೆಲದ ಮೇಲೆ ಹೊರಡುವಾಗ ಸಿದ್ಧತೆ ತಪ್ಪಿದ್ದರೂ ಕೂಗುತ್ತದೆ. ಪೈಲಟ್‌ಗಳು ಅದೇ ಅಂದುಕೊಂಡರು. ಆಮ್ಲಜನಕದ ಮಾಸ್ಕ್ ಹಾಕಲಿಲ್ಲ. ಆಮ್ಲಜನಕ ಕಡಿಮೆಯಾದಾಗ ಮೊದಲು ಹೋಗುವುದೇ ವಿವೇಚನೆ, ಅದು ಹೋಗುತ್ತಿದೆ ಅಂತ ತಿಳಿಯುವ ಶಕ್ತಿಯೂ ಹೋಗುತ್ತದೆ. ವಿಮಾನ ತಾನಾಗಿಯೇ 34,000 ಅಡಿಗೆ ಏರಿ, ಅಥೆನ್ಸ್ ಬಳಿ ಸುತ್ತು ಹಾಕಿ, ಇಂಧನ ಮುಗಿದು ಗ್ರಾಮಾಟಿಕೊ ಬೆಟ್ಟದ ಮೇಲೆ ಬಿತ್ತು. 121 ಜನ ಸತ್ತರು. ಅವಶೇಷದಲ್ಲಿ ಆ ಸ್ವಿಚ್ ಇನ್ನೂ ಅದೇ ಸ್ಥಾನದಲ್ಲಿತ್ತು. ಒತ್ತಡ ನಿಯಂತ್ರಿಸುವ ಸಾಧನದ ಮೆಮೊರಿ ಚಿಪ್ ಕೂಡ ಅದನ್ನೇ ಹೇಳಿತು.

261ರ ಪೈಲಟ್‌ಗಳ ವಿಷಯದಲ್ಲೂ ಎನ್‌ಟಿಎಸ್‌ಬಿ ಹೀಗೆ ತೂಗಿ ನೋಡಿತು. ಬಾಲ ಸಿಕ್ಕಿಕೊಂಡಿದ್ದಾಗ ಆಟೋಪೈಲಟ್ ಬಳಸಿದ್ದು ಸರಿಯಲ್ಲ ಎಂದಿತು. ಆದರೆ ಬಾಲದ ತುದಿಯಲ್ಲಿ ಕಂಚು ಸುಲಿಯುತ್ತಿದೆ ಅಂತ ತಿಳಿಯಲು ಅವರ ಮುಂದೆ ಒಂದು ದೀಪವೂ ಇರಲಿಲ್ಲ. ಮೋಟರ್ ಒತ್ತಿದರೆ ಏನಾಗಬಹುದು ಅಂತ ಅವರ ಪುಸ್ತಕದಲ್ಲಿ ಬರೆದಿರಲೂ ಇಲ್ಲ.

ಹಂತ 8: ಬೇರೆ ಕಾರಣಗಳನ್ನು ಪ್ರಾಮಾಣಿಕವಾಗಿ ಹೊಡೆದು ಹಾಕಿ

ನಿಮಗೆ ಇಷ್ಟವಾದ ಕಾರಣಕ್ಕೆ ಎದುರು ನಿಲ್ಲುವುದನ್ನೆಲ್ಲ ಬರೆದಿಟ್ಟುಕೊಳ್ಳಿ. 261ರಲ್ಲಿ ಒಂದು ಬಲವಾದ ಅನುಮಾನ ಇತ್ತು. ಸಂಸ್ಥೆ ಗ್ರೀಸಿನ ಜಾತಿ ಬದಲಿಸಿತ್ತು. ಹೊಸ ಗ್ರೀಸ್ ಹಳೆಯದರ ಜೊತೆ ಸೇರದೆ ಕೆಟ್ಟಿತೇ? ಪ್ರಯೋಗಾಲಯದಲ್ಲಿ ಎರಡನ್ನೂ ಬೇರೆ ಬೇರೆಯಾಗಿ, ಬೆರೆಸಿ, ಉಜ್ಜಿ ನೋಡಿದರು. ಸವೆತಕ್ಕೆ ಗ್ರೀಸಿನ ಜಾತಿ ಕಾರಣವಲ್ಲ, ಗ್ರೀಸ್ ಇಲ್ಲದ್ದೇ ಕಾರಣ ಅಂತ ಗೊತ್ತಾಯಿತು. ಪರೀಕ್ಷೆ ಮಾಡದೆ ಬಿಟ್ಟಿದ್ದರೆ ಇವತ್ತಿಗೂ ಅದರ ಮೇಲೆ ವಾದ ನಡೆಯುತ್ತಿತ್ತು.

ಹಂತ 9: ವರದಿ ಬರೆಯುವುದು, ಓದುವುದು

ಕಾರಣವನ್ನು ಬರೆಯುವಾಗ ಸಾಲಾಗಿ ಹಿಂದಕ್ಕೆ ಹೋಗಿ. 2002ರ ಡಿಸೆಂಬರ್‌ನಲ್ಲಿ ಒಪ್ಪಿದ ವರದಿಯಲ್ಲಿ ಹೀಗಿದೆ: ನಟ್‌ನ ಮರೆ ಸುಲಿದು ನಿಯಂತ್ರಣ ತಪ್ಪಿತು, ಸುಲಿಯಲು ಕಾರಣ ಅತಿಯಾದ ಸವೆತ, ಸವೆತಕ್ಕೆ ಕಾರಣ ಸಂಸ್ಥೆ ಸಾಕಷ್ಟು ಗ್ರೀಸ್ ಹಾಕದಿದ್ದದ್ದು. ಜೊತೆಗೆ ನೆರವಾದ ಕಾರಣಗಳು: ಗ್ರೀಸಿನ ಅವಧಿ ಹೆಚ್ಚಿಸಿದ್ದು ಮತ್ತು ಎಫ್‌ಎಎ ಅದನ್ನು ಒಪ್ಪಿದ್ದು, ತಪಾಸಣೆಯ ಅವಧಿ ಹೆಚ್ಚಿಸಿದ್ದು ಮತ್ತು ಎಫ್‌ಎಎ ಅದನ್ನೂ ಒಪ್ಪಿದ್ದು. ಕೊನೆಯದಾಗಿ, ಮರೆ ಪೂರ್ತಿ ಹೋದರೂ ವಿಮಾನವನ್ನು ಕಾಯುವ ಎರಡನೇ ಏರ್ಪಾಡು ವಿನ್ಯಾಸದಲ್ಲೇ ಇರಲಿಲ್ಲ ಅನ್ನುವುದು. ತಿರುಪಿನಿಂದ ಮೆಕ್ಯಾನಿಕ್, ಅಲ್ಲಿಂದ ಕಚೇರಿ, ಸರ್ಕಾರ, ತಯಾರಕ. ಒಂದು ಕೊಂಡಿಯನ್ನೂ ಹಾರಿಸಿಲ್ಲ.

ಶಿಫಾರಸು ಬರೆಯುವಾಗ "ಎಚ್ಚರ ವಹಿಸಬೇಕು" ಅಂತ ಬರೆದರೆ ಏನೂ ಬದಲಾಗುವುದಿಲ್ಲ. ಯಾರು, ಏನನ್ನು, ಎಷ್ಟು ಗಂಟೆಗೊಮ್ಮೆ ಅಂತ ಬರೆಯಿರಿ. ಕೈ ತೂರದ ಆ ಕಿಂಡಿಯನ್ನು ದೊಡ್ಡದು ಮಾಡಿ ಅನ್ನುವುದೂ ಈ ತನಿಖೆಯ ಶಿಫಾರಸುಗಳಲ್ಲಿ ಒಂದು. ತುರ್ತಿನ ವಿಷಯಕ್ಕೆ ಅಂತಿಮ ವರದಿಯವರೆಗೆ ಕಾಯಲೂಬೇಡಿ. ಅಪಘಾತವಾಗಿ ಎರಡು ವಾರದೊಳಗೆ ಎಫ್‌ಎಎ ಆದೇಶ ಹೊರಡಿಸಿತು: ಇಂಥ ಎಲ್ಲ ವಿಮಾನಗಳ ತಿರುಪು ಪರೀಕ್ಷಿಸಿ, 650 ಗಂಟೆಗೊಮ್ಮೆ ಗ್ರೀಸ್ ಹಾಕಿ, 2,000 ಗಂಟೆಗೊಮ್ಮೆ ಸವೆತ ಅಳೆಯಿರಿ. ಆ ಹುಡುಕಾಟದಲ್ಲಿ ಅದೇ ಸಂಸ್ಥೆಯ ಬೇರೆ ವಿಮಾನಗಳಲ್ಲೂ ಮಿತಿ ಮೀರಿ ಸವೆದ ನಟ್‌ಗಳು ಸಿಕ್ಕವು.

ನೀವು ಮೊದಲ ಸಲ ಇಂಥ ವರದಿ ಓದುವವರಾದರೆ ಹೀಗೆ ಓದಿ. 13ನೇ ಅನುಬಂಧದ ಮಾದರಿಯಲ್ಲಿ ನಾಲ್ಕು ಭಾಗ ಇರುತ್ತವೆ: ಸಂಗತಿ, ವಿಶ್ಲೇಷಣೆ, ತೀರ್ಮಾನ, ಶಿಫಾರಸು. ಎಲ್ಲರೂ ಮೂರನೇ ಭಾಗಕ್ಕೆ ಹಾರುತ್ತಾರೆ. ನೀವು ಮೊದಲ ಭಾಗದ 1.6ರಿಂದ ಶುರು ಮಾಡಿ, ವಿಮಾನದ ಜಾತಕ ಅಲ್ಲಿದೆ. ಆಮೇಲೆ 1.16, ಪರೀಕ್ಷೆಗಳು. ಆಮೇಲೆ 1.17, ಸಂಸ್ಥೆಯ ಒಳಗಿನ ಕಥೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಇಸವಿ, ಗಂಟೆ, ಸಹಿ ಮೂರನ್ನೇ ಬರೆಯುತ್ತಾ ಹೋಗಿ. ಕೊನೆಗೆ ಮೂರನೇ ಭಾಗ ತೆರೆದು ನಿಮ್ಮ ಹಾಳೆಯ ಜೊತೆ ಇಟ್ಟು ನೋಡಿ.